ಕೆಂಪನ್ನ ಕೆಂಪು ಅನ್ನೋಕೆ ಅಹಂಕಾರ ಬೇಕಾ?

ನಾನು ಕೌನ್ಸೆಲರ್. ಈ ಥರದ ಕೇಸ್ ನನ್ನ ಹತ್ರ ಬಂದಿದ್ದು ಇದೇ ಮೊದಲಲ್ಲ. ವರ್ಷಕ್ಕೆ ನಾಲ್ಕೈದು ಜನ ಆದ್ರೂ ಬಂದು ಕೂತ್ಕೊಂಡು "ಮೇಡಂ, ನನಗೆ ಕಾನ್ಫಿಡೆನ್ಸ್ ಕಮ್ಮಿ, ಹೇಗಾದ್ರೂ ಜಾಸ್ತಿ ಮಾಡ್ಕೋಬೇಕು, ಆದ್ರೆ ಅಹಂಕಾರ ಮಾತ್ರ ಬರಬಾರದು" ಅಂತಾರೆ. ವಿನಯ ಒಂದು ತಟ್ಟೆ, ಆತ್ಮವಿಶ್ವಾಸ ಇನ್ನೊಂದು ತಟ್ಟೆ, ತಕ್ಕಡಿ ಮುಳ್ಳನ್ನ ಸರಿಯಾಗಿ ಮಧ್ಯಕ್ಕೆ ತಂದು ನಿಲ್ಲಿಸಿಕೊಡಿ ಅನ್ನೋ ಹಂಗೆ. ನಾನೂ ಎಷ್ಟೋ ವರ್ಷ ಆ ತಕ್ಕಡಿನ ನಂಬಿಕೊಂಡೇ ಸಲಹೆ ಕೊಟ್ಟಿದ್ದೀನಿ, ಇಲ್ಲ ಅನ್ನಲ್ಲ. ಆ ತಕ್ಕಡಿ ನನ್ನ ಮಟ್ಟಿಗೆ ಮುರಿದುಬಿದ್ದಿದ್ದು ಈ ಕೇಸಲ್ಲಿ. ಜೊತೆಗೆ, ಕೊನೆಗೆ ನಾನು ಕೊಟ್ಟ ಸಲಹೆ ಬಗ್ಗೆ ಇದೇ ವೃತ್ತಿಲಿರೋ ಗೆಳತಿಯೊಬ್ಬರು ಚೆನ್ನಾಗಿ ತರಾಟೆಗೆ ತಗೊಂಡ್ರು, ಅದೂ ತಲೇಲಿ ಕೊರೀತಾನೇ ಇದೆ, ಅದಕ್ಕೇ ಬರೀತಿದ್ದೀನಿ.

ಈ ಕೇಸಿನ ಹೆಣ್ಮಗಳು ಇದನ್ನ ಬರೆಯೋಕೆ ಒಪ್ಪಿಗೆ ಕೊಟ್ಟಿದ್ದಾರೆ. ಗುರುತು ಸಿಗೋ ಅಂಥ ವಿವರ ಎಲ್ಲಾ ಬದಲಾಯಿಸಿದ್ದೀನಿ, ಕೆಲಸ ಒಂದನ್ನ ಮಾತ್ರ ಬದಲಾಯಿಸೋಕೆ ಆಗ್ಲಿಲ್ಲ, ಅದನ್ನ ತೆಗೆದ್ರೆ ಹೇಳೋಕೆ ಏನೂ ಉಳಿಯಲ್ಲ.

ವಯಸ್ಸು ಮೂವತ್ತೈದರ ಆಸುಪಾಸು. ರಕ್ತ ಪರೀಕ್ಷೆ ಮಾಡೋ ಲ್ಯಾಬಲ್ಲಿ ಟೆಕ್ನಿಷಿಯನ್, ಹನ್ನೊಂದು ವರ್ಷದ ಸರ್ವಿಸ್. ಇನ್‌ಚಾರ್ಜ್ ಆಗ್ತೀರಾ ಅಂತ ಎರಡು ಸಲ ಕೇಳಿದಾರೆ, ಎರಡು ಸಲಾನೂ "ನನಗಿಂತ ಚೆನ್ನಾಗಿ ಮಾಡೋರು ಇದ್ದಾರೆ" ಅಂತ ಬೇಡ ಅಂದಿದಾರೆ. ಈಗ ಇನ್‌ಚಾರ್ಜ್ ಆಗಿರೋದು ಈಕೆನೇ ಕೈ ಹಿಡಿದು ಕೆಲಸ ಕಲಿಸಿದ ಹುಡುಗ. ಅವನ ಮೇಲೆ ಹೊಟ್ಟೆಕಿಚ್ಚೇನಿಲ್ಲ ಅಂತ ಮೂರು ಸಲ ಹೇಳಿದ್ರು (ಮೂರನೇ ಸಲಕ್ಕೆ ನಾನು ನೋಟ್ ಮಾಡ್ಕೊಂಡೆ). ನಿದ್ದೆ ಸರಿಯಿಲ್ಲ, ಡ್ಯೂಟಿ ಮುಗಿಸಿ ಮನೆಗೆ ಬಂದ್ಮೇಲೂ ಮಾಡಿದ ಕೆಲಸಾನೇ ತಿರುಗಾಮುರುಗಾ ತಲೇಲಿ ಓಡ್ತಿರುತ್ತೆ. ಮನೆ ಬಗ್ಗೆ ಕೇಳಿದ್ದಕ್ಕೆ ಸಿಕ್ಕಿದ್ದು ಒಂದೇ ಒಂದು ನೆನಪು. ಚಿಕ್ಕೋರಿದ್ದಾಗ ಮಾರ್ಕ್ಸ್ ಕಾರ್ಡ್ ಹಿಡ್ಕೊಂಡು ಓಡಿ ಬಂದ್ರೆ ಮನೇಲಿ ದೊಡ್ಡವರೊಬ್ಬರು ಅದನ್ನ ನೋಡೋಕೂ ಮುಂಚೆ "ತುಂಬಿದ ಕೊಡ ತುಳುಕಲ್ಲ" ಅಂತಿದ್ರಂತೆ. ಆ ಗಾದೆ ಮೇಲೆ ನನ್ನದೊಂದು ಹಳೇ ತಕರಾರಿದೆ, ಖಾಲಿ ಕೊಡಾನೂ ತುಳುಕಲ್ಲ ಅಲ್ವಾ? ದೂರದಿಂದ ನೋಡೋರಿಗೆ ಎರಡೂ ಒಂದೇ. ಅದಿರಲಿ.

ಮೊದಲನೇ ಸೆಷನ್‌ಗೆ ಆಕೆ ರೋಗದ ಹೆಸರನ್ನೂ ಹುಡುಕ್ಕೊಂಡೇ ಬಂದಿದ್ರು, "ನನಗೆ ಇಂಪೋಸ್ಟರ್ ಸಿಂಡ್ರೋಮ್ ಮೇಡಂ". ಅಂದ್ರೆ ಯೋಗ್ಯತೆ ಇದ್ರೂ ನಾನು ಯೋಗ್ಯಳಲ್ಲ, ಒಂದು ದಿನ ಸಿಕ್ಕಿಬೀಳ್ತೀನಿ ಅನ್ನೋ ಭಾವನೆ. ಈಗ ಹತ್ತರಲ್ಲಿ ಎಂಟು ಜನ ಹಿಂಗೇ ಬರ್ತಾರೆ. 1978ರಲ್ಲಿ ಪಾಲಿನ್ ಕ್ಲಾನ್ಸ್ ಮತ್ತೆ ಸುಜಾನ್ ಐಮ್ಸ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞೆಯರು ಇದರ ಬಗ್ಗೆ ಬರೆದಾಗ ಸಿಂಡ್ರೋಮ್ ಅಂತ ಕರೆದೇ ಇರಲಿಲ್ಲ, ಅವರು ಬಳಸಿದ್ದು ಫಿನಾಮಿನನ್ ಅನ್ನೋ ಪದ, ಅಂದ್ರೆ ಹಿಂಗೊಂದು ವಿದ್ಯಮಾನ ಕಂಡುಬರ್ತಿದೆ ಅಂತ ಅಷ್ಟೇ. ಮಾನಸಿಕ ಕಾಯಿಲೆಗಳ ಅಧಿಕೃತ ಪಟ್ಟಿಲೂ ಅದಿಲ್ಲ. ನಾನು ಹೆಸರಿನ ಮೇಲೆ ಜಗಳ ಆಡೋಕೆ ಹೋಗಲ್ಲ, ಆದ್ರೆ ಹೆಸರು ಸಿಕ್ಕ ತಕ್ಷಣ ಜನ ಹುಡುಕೋದನ್ನ ನಿಲ್ಲಿಸಿಬಿಡ್ತಾರೆ, ನನಗೆ ಸಿಟ್ಟು ಬರೋದು ಅದಕ್ಕೆ.

ಆವತ್ತು ತಪ್ಪು ಮಾಡಿದ್ದು ಮಾತ್ರ ನಾನೇ. ಟೈಮ್ ಮುಗೀತಾ ಬಂದಿತ್ತು, ಹೊರಗಡೆ ಇನ್ನೊಬ್ಬರು ಕಾಯ್ತಿದ್ರು, ಸುಲಭ ಅಂತ ದಿನಾ ಬೆಳಿಗ್ಗೆ ನಿಮ್ಮ ಬಗ್ಗೆ ಮೂರು ಒಳ್ಳೇ ಮಾತು ಗಟ್ಟಿಯಾಗಿ ಹೇಳ್ಕೊಳ್ಳಿ, ನಾನು ಸಮರ್ಥೆ, ನನ್ನ ಕೆಲಸ ನನಗೆ ಗೊತ್ತು, ಆ ಥರದ್ದು ಅಂದೆ. ಎರಡು ವಾರ ಬಿಟ್ಟು ಬಂದು ಮುಖ ಸಣ್ಣದು ಮಾಡ್ಕೊಂಡು, "ಮೇಡಂ, ಹೇಳ್ಕೊಂಡಾಗೆಲ್ಲಾ ಸುಳ್ಳು ಸುಳ್ಳು ಅಂತ ಒಳಗಡೆ ಯಾರೋ ಕೂಗ್ದಂಗೆ ಆಗುತ್ತೆ, ನಾಲ್ಕು ದಿನ ಮಾಡಿ ಬಿಟ್ಬಿಟ್ಟೆ, ಇದನ್ನೂ ಮಾಡೋಕಾಗ್ಲಿಲ್ವಲ್ಲ ಅಂತ ಬೇಜಾರು" ಅಂದ್ರು. ನೋಡಿ, ಇರೋ ಭಾರದ ಮೇಲೆ ನಾನೊಂದು ಮೂಟೆ ಹೊರಿಸಿದ್ದೆ. ನನಗೆ ಇದು ಗೊತ್ತಿರಬೇಕಿತ್ತು. ಜೋಆನ್ ವುಡ್ ಮತ್ತವರ ಜೊತೆಗಾರರು 2009ರಲ್ಲೇ ಪ್ರಯೋಗ ಮಾಡಿ ತೋರಿಸಿದಾರೆ, ತಮ್ಮ ಬಗ್ಗೆ ಮೊದಲೇ ಕೀಳಾಗಿ ಅಂದ್ಕೊಂಡಿರೋರಿಗೆ ಇಂಥ ಹೊಗಳಿಕೆ ವಾಕ್ಯ ಹೇಳಿಸಿದ್ರೆ ಇನ್ನೂ ಕುಗ್ಗಿಹೋಗ್ತಾರೆ, ಉಪಯೋಗ ಆಗೋದು ಮೊದಲೇ ಚೆನ್ನಾಗಿರೋರಿಗೆ, ಅದೂ ಸ್ವಲ್ಪವೇ. ಓದಿದ್ದೆ, ಆದ್ರೂ ಕೊಟ್ಟೆ. ಆತುರದಲ್ಲಿ ಕೊಟ್ಟ ಸಲಹೆ ಅದು, ಅವರ ಹತ್ರ ಕ್ಷಮೆ ಕೇಳಿದೆ. ಕೌನ್ಸೆಲರ್ ಸಾರಿ ಅಂದಿದ್ದು ನೋಡಿ ಆಕೆಗೆ ಕಸಿವಿಸಿ ಆಯ್ತು, "ಅಯ್ಯೋ ಮೇಡಂ ಹಂಗಲ್ಲ, ನನ್ನದೇ ತಪ್ಪಿರುತ್ತೆ" ಅಂದ್ರು. ಅಂದ್ರೆ ನನ್ನ ತಪ್ಪನ್ನೂ ಎತ್ತಿ ತಮ್ಮ ತಲೆ ಮೇಲೆ ಇಟ್ಕೊಂಡ್ರು, ಕಣ್ಣೆದುರಿಗೇ.

ಮುಖ್ಯವಾದದ್ದು ನಡೆದಿದ್ದು ಮೂರನೇ ಸೆಷನಲ್ಲಿ.

ಆವತ್ತು ಬಂದವರೇ ಬಹಳ ಹೊತ್ತು ಬ್ಯಾಗಿನ ಜಿಪ್ಪು ಎಳೀತಾ ಕೂತಿದ್ರು. ಆಮೇಲೆ ಹೇಳಿದ್ರು, ಆರು ತಿಂಗಳ ಹಿಂದೆ ಒಂದು ರಾತ್ರಿ ಡ್ಯೂಟಿಲಿ ಒಂದು ಸ್ಯಾಂಪಲ್ ಬಂತು, ಸೆಂಟ್ರಿಫ್ಯೂಜಲ್ಲಿ ತಿರುಗಿಸಿ ತೆಗೆದ್ರೆ ಸೀರಮ್ ಕೆಂಪಗಿತ್ತು. ಇದು ನನಗೂ ಆವತ್ತೇ ಗೊತ್ತಾಗಿದ್ದು, ಸೀರಮ್ ಅಂದ್ರೆ ರಕ್ತ ಹೆಪ್ಪುಗಟ್ಟಿದ ಮೇಲೆ ಮೇಲ್ಗಡೆ ಉಳಿಯೋ ನೀರು, ಅದು ಸಾಮಾನ್ಯವಾಗಿ ತಿಳಿ ಹಳದಿ ಇರುತ್ತೆ, ರಕ್ತ ತೆಗಿಯೋವಾಗ ಏನಾದ್ರೂ ಎಡವಟ್ಟಾಗಿ ಕೆಂಪು ಕಣಗಳು ಒಡೆದುಹೋದ್ರೆ ಒಳಗಿರೋ ಬಣ್ಣ ಈಚೆ ಬಂದು ಕೆಂಪಾಗುತ್ತೆ, ಅದನ್ನ ಅವರು ಹಿಮೊಲೈಸ್ ಆಗಿದೆ ಅಂತಾರೆ. ಬಣ್ಣದ ಜೊತೆಗೆ ಕಣದೊಳಗಿನ ಪೊಟ್ಯಾಷಿಯಂ ಕೂಡ ಆಚೆ ಬರುತ್ತೆ. ಹಾಗಾಗಿ ರೋಗಿಯ ಮೈಯಲ್ಲಿ ಪೊಟ್ಯಾಷಿಯಂ ಸರಿಯಾಗೇ ಇದ್ರೂ ಮೆಷಿನ್ ಜಾಸ್ತಿ ತೋರಿಸುತ್ತೆ. ಸುಮಾರು 3.5ರಿಂದ 5ರ ಒಳಗೆ ಇರಬೇಕಾದ್ದು ಆವತ್ತು 6.8 ಬಂತು. ನಿಜವಾಗ್ಲೂ 6.8 ಇದ್ರೆ ಹೃದಯಕ್ಕೇ ಅಪಾಯ, ಹಾಗಾಗಿ ಡಾಕ್ಟರ್‌ಗೆ ತಕ್ಷಣ ಫೋನ್ ಮಾಡಬೇಕು.

ಈಕೆ ಮಾಡಿದ್ರು. ಏನಂದ್ರಿ ಅಂತ ಕೇಳಿದೆ, ಅಂದಿದ್ದನ್ನ ಅಂದಂಗೇ ಹೇಳಿ ಅಂದೆ.

"ಸರ್, ಪೊಟ್ಯಾಷಿಯಂ 6.8 ಬಂದಿದೆ... ಸ್ಯಾಂಪಲ್ ಏನೋ ಸ್ವಲ್ಪ ಹಂಗಿರಬಹುದೇನೋ... ನನಗೇನ್ ಅಷ್ಟು ಗೊತ್ತಾಗಲ್ಲ ಸರ್, ನೀವೇ ಒಂದ್ಸಲ ನೋಡಿ..."

ಆ ಕಡೆ ಇದ್ದ ಡಾಕ್ಟರ್‌ಗೆ ಇದ್ರಲ್ಲಿ ಕೇಳಿಸಿದ್ದು 6.8 ಒಂದೇ. ಮಿಕ್ಕಿದ್ದೆಲ್ಲಾ ಗೊಣಗು. ಪೊಟ್ಯಾಷಿಯಂ ಇಳಿಸೋಕೆ ಇನ್ಸುಲಿನ್ ಮತ್ತೆ ಗ್ಲೂಕೋಸ್ ಶುರು ಮಾಡಿದ್ರಂತೆ, ಆಮೇಲೆ ಬೇರೆ ಸ್ಯಾಂಪಲ್ ಕಳಿಸಿದಾಗ 4.1 ಬಂತು. ನಿಲ್ಲಿಸಿದ್ರು, ರಾತ್ರಿಯೆಲ್ಲಾ ಕಾದು ನೋಡ್ಕೊಂಡ್ರು, ರೋಗಿಗೆ ಏನೂ ಆಗ್ಲಿಲ್ಲ. ಈಕೆನ ಯಾರೂ ಬೈಯ್ಯಲೂ ಇಲ್ಲ. ರಿಪೋರ್ಟಲ್ಲಿ ಕಾಮೆಂಟ್ ಬರೆಯೋಕೆ ಜಾಗ ಇತ್ತು, ಅಲ್ಲೂ ಹಿಮೊಲೈಸ್ಡ್ ಅಂತ ಬರೆದಿರಲಿಲ್ಲ, ಬೆಳಿಗ್ಗೆ ಸೀನಿಯರ್ ಬಂದು ನೋಡಿ ಬರೀಲಿ ಅಂತ ಬಿಟ್ಟಿದ್ರು.

ನಾನು ಕೇಳಿದೆ, "ಸೀರಮ್ ಯಾವ ಬಣ್ಣ ಇತ್ತು?"

"ಕೆಂಪು."

"ಕೆಂಪು ಇರಬಹುದೇನೋ, ಅಂತಾನಾ?"

"ಇಲ್ಲ ಮೇಡಂ, ಕೆಂಪೇ. ಯಾರು ನೋಡಿದ್ರೂ ಕೆಂಪೇ."

"ಮತ್ತೆ ಡಾಕ್ಟರ್‌ಗೆ ಯಾಕೆ ಹೇಳಲಿಲ್ಲ ಸೀರಮ್ ಕೆಂಪಗಿದೆ, ಈ ನಂಬರ್ ನಂಬಬೇಡಿ, ಬೇರೆ ಸ್ಯಾಂಪಲ್ ಕಳಿಸಿ ಅಂತ?"

"ಅಷ್ಟು ದೊಡ್ಡವರಿಗೆ ನಾನು ಹೇಳಿಕೊಡೋ ಥರ ಆಗಲ್ವಾ ಮೇಡಂ? ಜಂಬ ಅನ್ಸುತ್ತೆ."

ಆಗ ನನ್ನ ಬಾಯಿಂದ ಬಂದಿದ್ದು, ಯೋಚನೆ ಮಾಡಿ ಹೇಳಿದ್ದಲ್ಲ, ಸ್ವಲ್ಪ ಖಾರವಾಗೇ ಬಂತು, "ಕೆಂಪನ್ನ ಕೆಂಪು ಅನ್ನೋಕೆ ಅಹಂಕಾರ ಬೇಕಾ?"

ಸುಮ್ಮನಾಗಿಬಿಟ್ರು. ನಾನೂ ಸುಮ್ನಿದ್ದೆ. ಇಂಥ ಹೊತ್ತಲ್ಲಿ ಏನಾದ್ರೂ ಸಮಾಧಾನದ ಮಾತು ತುಂಬಿಸಿಬಿಡೋಣ ಅಂತ ನಾಲಿಗೆ ತುರಿಸುತ್ತೆ, ತಡ್ಕೋಬೇಕು. ಒಂದೆರಡು ನಿಮಿಷ ಆದ್ಮೇಲೆ ಆಕೆ ಹೇಳಿದ್ರು, "ನಾನು ಜಂಬ ಮಾಡಬಾರದು ಅಂತ ಹಂಗೆ ಹೇಳಿದ್ದಾ, ಇಲ್ಲಾ ನಾಳೆ ತಪ್ಪಾದ್ರೆ ನನ್ನ ಮೇಲೆ ಬರಬಾರದು ಅಂತ ಹಂಗೆ ಹೇಳಿದ್ದಾ, ಗೊತ್ತಾಗ್ತಿಲ್ಲ ಮೇಡಂ."

ಇದು ನಾನು ಹೇಳಿದ್ದಲ್ಲ, ಆಕೆನೇ ಹೇಳಿದ್ದು, ಅದಕ್ಕೇ ಇದಕ್ಕೆ ತೂಕ. ನಾನೇ ಮೊದಲು ಬಾಯಿಬಿಟ್ಟಿದ್ರೆ ಅದು ಆರೋಪ ಆಗ್ತಿತ್ತು. ಎಷ್ಟೋ ಜನರ ವಿನಯದೊಳಗೆ ಇದು ಅಡಗಿ ಕೂತಿರುತ್ತೆ. ನನಗೇನೂ ಗೊತ್ತಿಲ್ಲ ಅಂದುಬಿಟ್ರೆ ಯಾರೂ ನನ್ನನ್ನ ಪ್ರಶ್ನೆ ಮಾಡೋಹಂಗಿಲ್ಲ, ಜವಾಬ್ದಾರಿ ಸಲೀಸಾಗಿ ಮೇಲ್ಗಡೆಯವರ ಹೆಗಲಿಗೆ ಹೋಗುತ್ತೆ, ಮೇಲಿಂದ ಒಳ್ಳೇ ಹೆಣ್ಮಗಳು ಅನ್ನೋ ಹೆಸರೂ ಸಿಗುತ್ತೆ. ಇದನ್ನ ಕೆಟ್ಟ ಬುದ್ಧಿ ಅಂತ ನಾನು ಹೇಳ್ತಿಲ್ಲ, ಏಟು ತಿಂದು ತಿಂದು ಮೈ ಕಲಿತಿರೋ ಉಪಾಯ ಅದು. ಆದ್ರೆ ಅದಕ್ಕೆ ವಿನಯ ಅಂತ ಹೆಸರಿಟ್ರೆ ಬಿಡಿಸ್ಕೊಳ್ಳೋಕೆ ಆಗಲ್ಲ, ಯಾಕಂದ್ರೆ ಒಳ್ಳೇ ಗುಣನ ಯಾರಾದ್ರೂ ಬಿಡ್ತಾರಾ?

ಮಾತು ಹಂಗೇ ಲ್ಯಾಬ್ ಕಡೆ ತಿರುಗ್ತು. ಮೆಷಿನ್ ಸರಿ ಇದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ ಅಂತ ಸುಮ್ನೆ ಕೇಳಿದೆ, ವಾತಾವರಣ ಸ್ವಲ್ಪ ಹಗುರ ಆಗಲಿ ಅಂತ ಅಷ್ಟೇ, ದೊಡ್ಡ ತಂತ್ರ ಏನೂ ಇರಲಿಲ್ಲ. ಆಕೆ ನೆಟ್ಟಗೆ ಕೂತ್ರು. ದಿನಾ ಬೆಳಿಗ್ಗೆ ರೋಗಿಗಳ ಸ್ಯಾಂಪಲ್ ಹಾಕೋಕೆ ಮುಂಚೆ ಕಂಟ್ರೋಲ್ ಹಾಕ್ತೀವಿ ಮೇಡಂ, ಅದರ ಬೆಲೆ ಎಷ್ಟು ಬರಬೇಕು ಅಂತ ನಮಗೆ ಮೊದಲೇ ಗೊತ್ತಿರುತ್ತೆ, ಬಂದಿದ್ದನ್ನ ಚಾರ್ಟಲ್ಲಿ ಚುಕ್ಕೆ ಇಡ್ತೀವಿ, ನಡುವೆ ಸರಾಸರಿ ಗೆರೆ, ಮೇಲೆ ಕೆಳಗೆ ಒಂದು ಎಸ್‌ಡಿ (ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಆಚೀಚೆ ಆಗುತ್ತೆ ಅನ್ನೋ ಅಳತೆ), ಎರಡು ಎಸ್‌ಡಿ, ಮೂರು ಎಸ್‌ಡಿ ಗೆರೆಗಳು, ಎರಡು ದಾಟಿದ್ರೆ ಎಚ್ಚರಿಕೆ, ಮೂರು ದಾಟಿದ್ರೆ ಆವತ್ತಿನ ರನ್ ರಿಜೆಕ್ಟ್, ಕಾರಣ ಸಿಗೋ ತನಕ ಒಂದು ರಿಪೋರ್ಟೂ ಆಚೆ ಹೋಗಲ್ಲ ಅಂತ ಹೇಳ್ತಾ ಹೋದ್ರು. ನನ್ನ ಪೆನ್ ಇಸ್ಕೊಂಡು ನನ್ನದೇ ನೋಟ್‌ಪ್ಯಾಡಲ್ಲಿ ಗೆರೆ ಎಳೆದು ಚುಕ್ಕೆ ಇಟ್ಟು ತೋರಿಸಿದ್ರು. ಆಮೇಲೆ ಹುಡುಕಿ ನೋಡಿದೆ, ಈ ಚಾರ್ಟನ್ನ ಲೀವಿ ಮತ್ತೆ ಜೆನ್ನಿಂಗ್ಸ್ ಅನ್ನೋರು 1950ರಲ್ಲಿ ಲ್ಯಾಬಿಗೆ ತಂದಿದ್ದಂತೆ, ಚುಕ್ಕೆ ಓದೋ ನಿಯಮಗಳನ್ನ 1981ರಲ್ಲಿ ವೆಸ್ಟ್‌ಗಾರ್ಡ್ ಮತ್ತವರ ತಂಡ ಹೇಳಿದ್ದು. ಆದ್ರೆ ಆವತ್ತು ನನ್ನ ಕಿವಿಗೆ ಬಿದ್ದಿದ್ದು ಬೇರೆ. ಹತ್ತು ನಿಮಿಷ ಮಾತಾಡಿದ್ರು, ಒಂದೇ ಒಂದು "ಇರಬಹುದೇನೋ" ಇಲ್ಲ. "ನನಗೇನ್ ಅಷ್ಟು ಗೊತ್ತಿಲ್ಲ" ಇಲ್ಲ. ಧ್ವನಿನೂ ಬೇರೆ. ಜಂಬಾನೂ ಇರಲಿಲ್ಲ, ಅದು ಮುಖ್ಯ.

ಆಮೇಲೆ ಒಂದು ಮಾತು ಹೇಳಿದ್ರು, "ಇನ್ನೊಂದಿದೆ ಮೇಡಂ, ಯಾವ ಚುಕ್ಕೆನೂ ಗೆರೆ ದಾಟಿರಲ್ಲ, ಒಂದೊಂದೇ ನೋಡಿದ್ರೆ ಎಲ್ಲಾ ಸರಿಯಾಗೇ ಕಾಣುತ್ತೆ, ಆದ್ರೆ ಸತತ ಹತ್ತು ಚುಕ್ಕೆ ಸರಾಸರಿ ಗೆರೆಯ ಒಂದೇ ಕಡೆ ಬಿದ್ರೆ ಮೆಷಿನ್ ಜಾರ್ತಿದೆ ಅಂತ ಅರ್ಥ, ಕ್ಯಾಲಿಬ್ರೇಷನ್ ಮಾಡಬೇಕು."

"ಹತ್ತೂ ಕೆಳಗಡೆ ಬಿದ್ರೆ?"

"ಆಗ್ಲೂ ಅಷ್ಟೇ. ಮೇಲೆ ಆದ್ರೇನು ಕೆಳಗೆ ಆದ್ರೇನು."

"ಕಮ್ಮಿ ತೋರಿಸ್ತಿದೆ ಪಾಪ, ವಿನಯದ ಮೆಷಿನ್ನು ಅಂತ ಬಿಟ್ಬಿಡಲ್ವಾ?"

ನಕ್ಕುಬಿಟ್ರು. ನಗ್ತಾ ನಗ್ತಾನೇ ಕಣ್ಣಲ್ಲಿ ನೀರು. ಹನ್ನೊಂದು ವರ್ಷದಲ್ಲಿ ಇನ್‌ಚಾರ್ಜ್ ಬೇಡ ಅಂದಿದ್ದು, ಟ್ರೈನಿಂಗ್ ಕೊಡೋಕೆ ಕರೆದಾಗ ಬೇರೆಯವರ ಹೆಸರು ಹೇಳಿದ್ದು, ಪರ್ಫಾರ್ಮೆನ್ಸ್ ಫಾರ್ಮಲ್ಲಿ ತಮ್ಮ ಸಾಧನೆ ಅನ್ನೋ ಕಡೆ "ಟೀಮ್ ಸಹಕಾರದಿಂದ" ಅಂತಷ್ಟೇ ಬರೆದಿದ್ದು, ಒಂದೊಂದನ್ನೇ ಬೆರಳು ಮಡಚಿ ಎಣಿಸಿದ್ರು. ಒಂದೊಂದೇ ನೋಡಿದ್ರೆ ಎಲ್ಲಾ ಸಭ್ಯತೆನೇ. ಸಾಲಾಗಿ ಇಟ್ಟು ನೋಡಿದ್ರೆ ಎಲ್ಲಾ ಗೆರೆಯಿಂದ ಕೆಳಗೆ.

ನಾನು ಕೊಟ್ಟ ಸಲಹೆ ಇದರಿಂದಲೇ ಹುಟ್ಟಿದ್ದು. ಕಾನ್ಫಿಡೆನ್ಸ್ ಜಾಸ್ತಿ ಮಾಡ್ಕೊಳ್ಳಿ ಅಂತ ನಾನು ಹೇಳ್ಲಿಲ್ಲ, ಈಗ ಯಾರಿಗೂ ಹೇಳಲ್ಲ. ಕಂಟ್ರೋಲ್ ಹಾಕಿ ಅಂದೆ. ಒಂದು ಸಣ್ಣ ಪುಸ್ತಕ ಇಟ್ಕೊಳ್ಳಿ, ದಿನಕ್ಕೆ ಮೂರ್ನಾಲ್ಕು ಸಲ, ನೀವು ಯಾವುದಾದ್ರೂ ಒಂದು ತೀರ್ಮಾನಕ್ಕೆ ಬಂದಾಗ, ನಿಜ ಗೊತ್ತಾಗೋಕೆ ಮುಂಚೆನೇ ಅದನ್ನ ಬರೀರಿ, ಪಕ್ಕದಲ್ಲಿ ಎಷ್ಟು ಪರ್ಸೆಂಟ್ ಗ್ಯಾರಂಟಿ ಅಂತ ಒಂದು ನಂಬರ್ ಹಾಕಿ, ಆಮೇಲೆ ನಿಜ ಏನಾಯ್ತು ಅಂತ ಬರೀರಿ. ಕೆಲಸದ ವಿಷಯಾನೂ ಬರೀರಿ, ಜನರ ವಿಷಯಾನೂ ಬರೀರಿ. ನಿಮ್ಮನ್ನ ನೀವು ಹೊಗಳ್ಕೋಬೇಡಿ, ಬೈಕೋಬೇಡಿ, ನಂಬರ್ ಹಾಕಿ ಸಾಕು.

ಮೂರು ವಾರ ಆದ್ಮೇಲೆ ಆ ಪುಸ್ತಕ ತಂದ್ರು, ಇಬ್ಬರೂ ಕೂತು ನೋಡಿದ್ವಿ. ಕೆಲಸದ ಕಡೆ ನಾನು ಅಂದ್ಕೊಂಡಂಗೇ ಇತ್ತು, "ಈ ರಿಸಲ್ಟ್ ತಪ್ಪು ಅನ್ಸುತ್ತೆ, 60" ಅಂತ ಬರೆದಿರೋ ಕಡೆಯೆಲ್ಲಾ ಹೆಚ್ಚುಕಮ್ಮಿ ಪ್ರತಿ ಸಲ ಆಕೆ ಹೇಳಿದ್ದೇ ಸರಿಯಾಗಿತ್ತು. 60 ಅಂದೋರು ನೂರರಲ್ಲಿ 60 ಸಲ ಸರಿ ಇದ್ರೆ ಸಾಕಲ್ವಾ, ಇವರು ಅದಕ್ಕಿಂತ ಎಷ್ಟೋ ಮೇಲೆ. ಆದ್ರೆ ನಾನು ಅಂದ್ಕೊಳ್ಳದೇ ಇದ್ದಿದ್ದು ಜನರ ಕಡೆ ಪುಟಗಳಲ್ಲಿ ಸಿಕ್ತು. "ಇನ್‌ಚಾರ್ಜ್‌ಗೆ ನನ್ನ ಮೇಲೆ ಕೋಪ ಇದೆ, 95." "ಡಾಕ್ಟರ್ ನನ್ನನ್ನ ದಡ್ಡಿ ಅಂದ್ಕೊಂಡ್ರು, 90." "ಅವಳು ನೋಡಿ ನಕ್ಕಿದ್ದು ನನ್ನ ಬಗ್ಗೇನೇ, 100." ವಿಚಾರಿಸಿ ನೋಡಿದಾಗ ಮುಕ್ಕಾಲು ಪಾಲು ಸುಳ್ಳು. ಇನ್‌ಚಾರ್ಜ್‌ಗೆ ಆವತ್ತು ಹಲ್ಲುನೋವಂತೆ.

ಅಂದ್ರೆ ಈ ಹೆಣ್ಮಗಳಿಗೆ ಕಾನ್ಫಿಡೆನ್ಸ್ ಕಮ್ಮಿ ಇರಲೇ ಇಲ್ಲ. ಬೆಟ್ಟದಷ್ಟಿತ್ತು, ಬೇರೆಯವರ ಮನಸ್ಸಲ್ಲಿ ಏನಿದೆ ಅನ್ನೋದ್ರ ಬಗ್ಗೆ. ಹನ್ನೊಂದು ವರ್ಷ ಕಣ್ಣಾರೆ ನೋಡಿ ಪಳಗಿದ ಕೆಲಸದಲ್ಲಿ "ನನಗೇನ್ ಗೊತ್ತು", ನೋಡೋಕೇ ಆಗದೇ ಇರೋ ಇನ್ನೊಬ್ಬರ ತಲೆಯೊಳಗಿನ ವಿಷಯಕ್ಕೆ 95 ಪರ್ಸೆಂಟ್ ಗ್ಯಾರಂಟಿ. ವಿನಯ ಬೇಕಿದ್ದ ಕಡೆ ಒಂದು ಚೂರೂ ಇರಲಿಲ್ಲ, ಬೇಡದೇ ಇದ್ದ ಕಡೆ ರಾಶಿ ಬಿದ್ದಿತ್ತು. ನನ್ನ ತಕ್ಕಡಿ ಮುರಿದಿದ್ದು ಇಲ್ಲೇ. ಒಂದನ್ನ ಕಮ್ಮಿ ಮಾಡಿ ಇನ್ನೊಂದನ್ನ ಜಾಸ್ತಿ ಮಾಡೋ ವಿಷಯ ಅಲ್ಲ ಇದು, ಎರಡೂ ಜಾಗ ತಪ್ಪಿ ಕೂತಿವೆ. ಇದನ್ನ ಹೇಳಿದಾಗ ಆಕೆಗೆ ಮೊದಲು ಕೋಪ ಬಂತು, "ಹಂಗಾದ್ರೆ ನಾನು ಅಹಂಕಾರಿನಾ ಮೇಡಂ?" ಅಂದ್ರು. ಅಹಂಕಾರಿ ಅಲ್ಲ, ಆದ್ರೆ ಡಾಕ್ಟರ್ ಮನಸ್ಸಿನ ರಿಪೋರ್ಟನ್ನ ಸ್ಯಾಂಪಲ್ಲೇ ಇಲ್ಲದೇ ರಿಲೀಸ್ ಮಾಡ್ತಿದ್ದೀರಿ ಅಂದೆ. ಅದು ಅವರಿಗೆ ಚೆನ್ನಾಗಿ ನಾಟಿತು, ಆಮೇಲೂ ಎಷ್ಟೋ ಸಲ ಅದೇ ಮಾತು ಹೇಳಿಕೊಂಡು ನಗ್ತಿದ್ರು.

ಇನ್ನು ಮಾತಾಡೋ ರೀತಿ. ಗೊತ್ತಿದ್ರೂ ಬಾಯಿ ಬರಲ್ಲ ಮೇಡಂ, ಆ ಕಡೆ ಗಟ್ಟಿ ಧ್ವನಿ ಬಂದ್ರೆ ಮುಗೀತು ಅಂದ್ರು. ಅದಕ್ಕೆ ಅವರಿಗೊಂದು ವಿಮಾನ ಅಪಘಾತದ ವಿಷಯ ಹೇಳಿದೆ. 1977ರ ಮಾರ್ಚ್ 27, ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದ ಏರ್‌ಪೋರ್ಟು, ದಟ್ಟ ಮಂಜು, ಒಂದೇ ರನ್‌ವೇ ಮೇಲೆ ಎರಡು ದೊಡ್ಡ ವಿಮಾನ, ಒಂದು ಹಾರೋಕೆ ಓಡ್ತಿದೆ, ಇನ್ನೊಂದು ಇನ್ನೂ ರನ್‌ವೇ ಬಿಟ್ಟಿಲ್ಲ. ಓಡ್ತಿದ್ದ ವಿಮಾನದ ಫ್ಲೈಟ್ ಇಂಜಿನಿಯರ್‌ಗೆ ರೇಡಿಯೋದಲ್ಲಿ ಕೇಳಿದ್ದರಿಂದ ಅನುಮಾನ ಬಂದು, ಆ ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ವಾ ಅಂತ ಕೇಳಿದ, ಪ್ರಶ್ನೆ ಥರ. ಕ್ಯಾಪ್ಟನ್ ಬಹಳ ಸೀನಿಯರ್, ಬಿಟ್ಟಿದೆ ಅಂತ ಒತ್ತಿ ಹೇಳಿದ್ರು. ಇವನು ಮತ್ತೆ ಮಾತಾಡ್ಲಿಲ್ಲ. 583 ಜನ ಸತ್ತರು. ಅಪಘಾತಕ್ಕೆ ಕಾರಣ ಹಲವಿದ್ವು, ಮಂಜು, ರೇಡಿಯೋದ ಗೊಂದಲ, ಎಲ್ಲಾ ಆ ಇಂಜಿನಿಯರ್ ತಲೆಗೆ ಕಟ್ಟೋದು ತಪ್ಪು. ಆದ್ರೆ ಕೇಳಿದ್ದು ಬರೀ ಪ್ರಶ್ನೆಯಾಗಿ ಅನ್ನೋದು ನಿಜ. ಇಂಥವುಗಳಿಂದ ಪಾಠ ಕಲಿತೇ ವಿಮಾನದೋರು ಚಿಕ್ಕೋರು ದೊಡ್ಡೋರಿಗೆ ಹೇಗೆ ಹೇಳಬೇಕು, ದೊಡ್ಡೋರು ಹೇಗೆ ಕೇಳಿಸ್ಕೋಬೇಕು ಅಂತ ಟ್ರೈನಿಂಗ್ ಶುರು ಮಾಡಿದ್ದು, ಆಸ್ಪತ್ರೆಗಳಿಗೂ ಅದು ಬಂತು. ಅದರಲ್ಲಿ ಒಂದು ಮೂರು ಮೆಟ್ಟಿಲಿನ ಮಾತಿದೆ. ಮೊದಲು "ನನಗೆ ಇದರ ಬಗ್ಗೆ ಆತಂಕ ಇದೆ". ಕೇಳ್ಲಿಲ್ವಾ, "ಹಿಂಗೆ ಮುಂದುವರಿಯೋದು ನನಗೆ ಸರಿ ಅನ್ನಿಸ್ತಿಲ್ಲ". ಆಗ್ಲೂ ಕೇಳ್ಲಿಲ್ವಾ, "ಇದು ಸುರಕ್ಷತೆ ಪ್ರಶ್ನೆ, ನಿಲ್ಲಿಸಿ". ಬೈಗುಳ ಇಲ್ಲ, ದೊಡ್ಡ ಧ್ವನಿ ಇಲ್ಲ, ನೀವು ತಪ್ಪು ಅನ್ನೋ ಮಾತೂ ಇಲ್ಲ.

ನಾನು ಡಾಕ್ಟರ್ ಆದೆ, ಆಕೆ ಫೋನ್ ಮಾಡಿದ್ರು. ಎಂಟು ಸಲ ಮಾಡಿಸಿದೆ. ಮೊದಲ ಮೂರು ಸಲ "ಸಾರಿ ಸರ್" ಇಂದಾನೇ ಶುರು. ನಾಲ್ಕನೇ ಸಲ ನಾನು ಬೇಕಂತಲೇ "ನಿಮಗೇನ್ರೀ ಗೊತ್ತು" ಅಂದೆ, ಫೋನ್ ಇಟ್ಬಿಟ್ರು, ಅಂದ್ರೆ ಕಿವಿ ಹತ್ರ ಇಟ್ಕೊಂಡಿದ್ದ ಕೈನ ಮಡಿಲಿಗೆ ಇಳಿಸಿಬಿಟ್ರು. ಎಂಟನೇ ಸಲ ಬಂತು, "ಸರ್, ಪೊಟ್ಯಾಷಿಯಂ 6.8. ಸೀರಮ್ ಕೆಂಪಗಿದೆ, ಸ್ಯಾಂಪಲ್ ಹಿಮೊಲೈಸ್ ಆಗಿದೆ, ಈ ನಂಬರ್ ನಂಬೋಕಾಗಲ್ಲ. ಹೊಸ ಸ್ಯಾಂಪಲ್ ಕಳಿಸಿ, ತಕ್ಷಣ ಮಾಡಿಕೊಡ್ತೀನಿ. ರೋಗಿಗೆ ಹೇಗಿದೆ ಅನ್ನೋದು ನಿಮಗೆ ಗೊತ್ತಿರುತ್ತೆ, ಅದು ನನಗೆ ಗೊತ್ತಿಲ್ಲ." ಕೊನೇ ವಾಕ್ಯ ನಾನು ಹೇಳಿಕೊಟ್ಟಿದ್ದಲ್ಲ. ಗೊತ್ತಿರೋದನ್ನೂ ಗೊತ್ತಿಲ್ಲದೇ ಇರೋದನ್ನೂ ಒಂದೇ ಧ್ವನಿಲಿ ಹೇಳಿದ್ರು, ನನಗೆ ಅದಕ್ಕಿಂತ ಇನ್ನೇನು ಬೇಕಿತ್ತು.

ನನ್ನ ಗೆಳತಿ ತರಾಟೆಗೆ ತಗೊಂಡಿದ್ದು ಇದಕ್ಕೇ. ನೀನು ಅವಳಿಗೆ ಮೇಲಿನವರ ಜೊತೆ ವಾದ ಮಾಡೋದು ಕಲಿಸ್ತಿದ್ದೀಯಾ, ನಾಳೆ ಕೆಲಸ ಹೋದ್ರೆ ನೀನು ಕೊಡಿಸ್ತೀಯಾ, ಅವಳು ಬಂದಿದ್ದು ನಿದ್ದೆ ಬರಲ್ಲ ಅಂತ, ಮೊದಲು ಆತಂಕ ಇಳಿಸಬೇಕಿತ್ತು ಅಂದ್ರು. ಇದನ್ನ ನಾನು ತಳ್ಳಿಹಾಕಲ್ಲ. ಬಾಯಿಬಿಟ್ಟೋರನ್ನ ತುಳಿಯೋ ಜಾಗಗಳಿವೆ, ಅಲ್ಲಿರೋರಿಗೆ ನಾನು ಇದೇ ಸಲಹೆ ಕೊಡಲ್ಲ, ಮೊದಲು ಬರವಣಿಗೆಲಿ ದಾಖಲೆ ಇಡಿ, ಜೊತೆಗೊಬ್ಬರನ್ನ ಇಟ್ಕೊಳ್ಳಿ ಅಂತೀನಿ. ಅದರಲ್ಲೂ ಹೆಂಗಸರು ನೇರವಾಗಿ ಮಾತಾಡಿದ್ರೆ ಗಂಡಸರಿಗಿಂತ ಬೇಗ "ಗಯ್ಯಾಳಿ" ಹೆಸರು ಬರುತ್ತೆ, ಗೊತ್ತು. ಈಕೆ ಕೇಸಲ್ಲಿ ನಾನು ವಿಚಾರಿಸಿದ್ದೆ, ಹಿಂದೆ ಮಾತಾಡಿದೋರಿಗೆ ಏನಾಯ್ತು ಅಂತ, ಆಗಿದ್ದೇನಿಲ್ಲ, ಒಂದಿಬ್ಬರಿಗೆ ಥ್ಯಾಂಕ್ಸ್ ಸಿಕ್ಕಿತ್ತು. ಇನ್ನು ಆತಂಕ ಮೊದಲಾ ಮಾತು ಮೊದಲಾ ಅನ್ನೋದು. ನನ್ನ ಪ್ರಕಾರ ಆಕೆ ನಿದ್ದೆ ಕೆಡಿಸಿದ್ದು ಆ ರಾತ್ರಿಯ ಗೊಣಗು. ಉಸಿರಾಟದ ವ್ಯಾಯಾಮ ಕೊಟ್ಟು ಮಲಗಿಸಿದ್ರೆ ಮತ್ತೆ ಅದೇ ಫೋನ್ ಬರ್ತಿತ್ತು, ಅದೇ ಗೊಣಗು ಹೋಗ್ತಿತ್ತು. ನಾನು ತಪ್ಪಿರಬಹುದು. ಎಷ್ಟು ಪರ್ಸೆಂಟ್ ಅಂತ ಗೆಳತಿ ಕೇಳಿದ್ಲು, 80 ಅಂದೆ.

ಇದಾಗಿ ನಾಲ್ಕು ತಿಂಗಳಿಗೆ ಆಕೆ ತಾವಾಗೇ ಅಪಾಯಿಂಟ್‌ಮೆಂಟ್ ತಗೊಂಡು ಬಂದ್ರು, ಮುಖ ಬಾಡಿತ್ತು. ಒಂದು ಸ್ಯಾಂಪಲ್ ಬಂತು, ಸೀರಮ್ ಕೆಂಪು, ರಿಜೆಕ್ಟ್ ಮಾಡಿ ಹೊಸದು ಕಳಿಸಿ ಅಂದ್ರು, ಸ್ಪಷ್ಟವಾಗಿ, ಕಲಿತ ಹಂಗೇ. ಎರಡನೇದೂ ಕೆಂಪು. ರಕ್ತ ತೆಗೆಯೋ ಹುಡುಗ ಸರಿಯಿಲ್ಲ ಅಂದ್ಕೊಂಡು ಅದನ್ನೂ ರಿಜೆಕ್ಟ್ ಮಾಡಿದ್ರು, ಅವನಿಗೆ ಎರಡು ಮಾತೂ ಆಡಿದ್ರು. ಮೂರನೇದು ಬಂದಾಗ್ಲೂ ಕೆಂಪು. ಆಗ ತಲೆಗೆ ಹೊಳೀತಂತೆ, ಅದೇ ಹುಡುಗ ಅದೇ ಹೊತ್ತಿಗೆ ತೆಗೆದಿರೋ ಬೇರೆ ರೋಗಿಗಳ ಸೀರಮ್ ಎಲ್ಲಾ ತಿಳಿ ಹಳದಿ ಇದೆ. ಅಂದ್ರೆ ಕಣ ಒಡೀತಿರೋದು ಟ್ಯೂಬಲ್ಲಲ್ಲ, ರೋಗಿಯ ಮೈಯೊಳಗೇ. ಅಪರೂಪ, ಆದ್ರೆ ಆಗುತ್ತೆ, ಮತ್ತೆ ಅದು ಗಂಭೀರ. ಒಂದು ಗಂಟೆ ಹತ್ರ ಹತ್ರ ಹಾಳಾಗಿತ್ತು.

"ಏನ್ ಮಾಡಿದ್ರಿ?"

"ಫೋನ್ ಮಾಡ್ದೆ ಮೇಡಂ. ಸರ್, ಎರಡು ಸಲ ರಿಜೆಕ್ಟ್ ಮಾಡಿದ್ದು ನನ್ನ ತಪ್ಪು, ಇದು ಸ್ಯಾಂಪಲ್ ದೋಷ ಅಲ್ಲ, ಮೈಯಲ್ಲೇ ಹಿಮೊಲೈಸ್ ಆಗ್ತಿರೋ ಹಂಗಿದೆ, ತಕ್ಷಣ ನೋಡಿ ಅಂದೆ. ಆಮೇಲೆ ಆ ಹುಡುಗನ ಹತ್ರ ಹೋಗಿ ಸಾರಿ ಕೇಳ್ದೆ." ರೋಗಿಗೆ ಚಿಕಿತ್ಸೆ ಸಿಕ್ತು, ಹುಷಾರಾದ್ರು ಅಂತ ಆಮೇಲೆ ಗೊತ್ತಾಯ್ತಂತೆ.

ಆವತ್ತು ರಾತ್ರಿ ನಿದ್ದೆ ಬಂತಾ ಅಂತ ಕೇಳಿದೆ. ಸ್ವಲ್ಪ ಯೋಚನೆ ಮಾಡಿ, ಬಂತು ಅಂದ್ರು, ತಮಗೇ ಆಶ್ಚರ್ಯ ಆದಂಗೆ.

ಪುಸ್ತಕ ತಂದಿದ್ರು. ಆವತ್ತಿನ ಪುಟ ತೆಗೆದೆ. "ಸ್ಯಾಂಪಲ್ ತೆಗೆದಿದ್ದು ಸರಿಯಿಲ್ಲ, 95" ಅಂತ ಇತ್ತು. ಪಕ್ಕದಲ್ಲಿ ಅದೇ ಪೆನ್ನಲ್ಲಿ, ಅದೇ ಅಕ್ಷರದಲ್ಲಿ, "ತಪ್ಪು". 95ನ ಹೊಡೆದುಹಾಕಿರಲಿಲ್ಲ. ಕೆಳಗಡೆ ಮಾರನೇ ದಿನದ್ದು, ಇನ್ನೊಂದು ಕೆಂಪು ಸ್ಯಾಂಪಲ್ಲು, ಮತ್ತೆ ಒಂದು ನಂಬರ್ ಬರೆದಿದ್ರು, 85.